ಪೆಟ್ಟಿಗೆಯ ತಳದಲ್ಲಿ

ಗಲ್ಫ್ ವಾಸ ಮುಗಿಸಿ ಸಕಲೇಶಪುರ, ಆಲೂರಿನ ಮನೆಗಳಿಗೆ ಮರಳುವ ಸಹೋದರರು ಮನೆ ಸಾಮಾನುಗಳನ್ನು ಪೆಟ್ಟಿಗೆ ಕಟ್ಟಿ ಕಳುಹಿಸುತ್ತಾರೆ. ಕೆಲವರ ಪೆಟ್ಟಿಗೆಯಲ್ಲಿ ಬಳಸಿದ ಬಟ್ಟೆ, ಪಾತ್ರೆಗಳು ಮೇಲೆ. ಯಾರೋ ಕೊಟ್ಟ ಹೊಸ ಮೊಬೈಲುಗಳು ತಳದಲ್ಲಿ. ಪಟ್ಟಿಯಲ್ಲಿ ಮಾತ್ರ 'ಹಳೆಯ ಗೃಹಬಳಕೆಯ ವಸ್ತುಗಳು' ಎಂದಿರುತ್ತದೆ.

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿದ ಪ್ರವಾದಿವರ್ಯರು(ಸ), ವಂಚಿಸುವವನು ತಮ್ಮವನಲ್ಲವೆಂದರು. ಕಾಫಿ, ಕಾಳುಮೆಣಸಿನ ಚೀಲ ತೂಗುವ ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ?

'ಸರಕಾರದ ಸುಂಕಕ್ಕೂ ದೀನಿಗೂ ಏನು ಸಂಬಂಧ?' ಎನ್ನುವವರಿದ್ದಾರೆ. ಸುಂಕ ಹೆಚ್ಚೆನಿಸಬಹುದು, ಆ ದೂರು ಬೇರೆ. 1962ರ ಕಸ್ಟಮ್ಸ್ ಕಾಯ್ದೆಯಂತೆ ಪೆಟ್ಟಿಗೆಯಲ್ಲಿ ಏನಿದೆಯೆಂದು ಘೋಷಿಸಬೇಕಾದವನು ಅದರ ಒಡೆಯ. ಅಲ್ಲಿ ಹಾಕುವ ಸಹಿ ಒಂದು ಸಾಕ್ಷ್ಯ. ಸುಳ್ಳು ಸಾಕ್ಷ್ಯವು ಮಹಾಪಾಪಗಳಲ್ಲಿ ಸೇರಿದ್ದು ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಅಷ್ಟಕ್ಕೂ ಕಾನೂನು ರಿಯಾಯಿತಿಯನ್ನೂ ಕೊಟ್ಟಿದೆ. ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಬರುವ ಮಹಿಳೆಗೆ 40 ಗ್ರಾಂ, ಪುರುಷನಿಗೆ 20 ಗ್ರಾಂ ಆಭರಣಕ್ಕೆ ನಿಯಮಾನುಸಾರ ಸುಂಕವಿಲ್ಲ.

ಗೆಳೆಯ ಮುಚ್ಚಿ ಕೊಟ್ಟ ಪೊಟ್ಟಣವನ್ನು ಅವನೆದುರೇ ಬಿಚ್ಚಿಸಿ ನೋಡಿ. ಒಪ್ಪದಿದ್ದರೆ ಮರಳಿಸಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.