ಮನೆಯ ಋಣ

ಗೃಹಸ್ಥಾಶ್ರಮಕ್ಕೆ ಗೃಹವೇ ಆಧಾರವೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೇವರ ಪೂಜೆ, ಅತಿಥಿಸತ್ಕಾರ, ವೃದ್ಧರ ಪಾಲನೆ, ಮಕ್ಕಳ ವಿದ್ಯಾಭ್ಯಾಸ ಇವೆಲ್ಲವೂ ತಲೆಯ ಮೇಲೊಂದು ಸೂರು ಇದ್ದ ಮೇಲಿನ ಮಾತು. ಊರಿನಲ್ಲಿ ಆ ಸೂರು ಹಿರಿಯರಿಂದ ಬಂದುದಾಗಿತ್ತು. ಅದರ ಬೆಲೆಯನ್ನು ಯಾರೂ ಎಣಿಸುತ್ತಿರಲಿಲ್ಲ. ಆದರೆ ಮಂಗಳೂರಿನಿಂದ ಹಡಗಿನಲ್ಲಿಯೋ, ಧಾರವಾಡ ವಿಜಾಪುರಗಳಿಂದ ರೈಲಿನಲ್ಲಿಯೋ ಮುಂಬಯಿಗೆ ಬಂದಿಳಿದ ನಮ್ಮವರಿಗೆ ಮನೆಯೆಂಬುದು ಚದರಡಿಯ ಲೆಕ್ಕವಾಯಿತು. ಮುಂಬಯಿಯ ಬೆಲೆ ನಿಲುಕದಿದ್ದಾಗ ಅವರು ಠಾಣೆಗೆ, ಡೊಂಬಿವಲಿಗೆ, ಕಲ್ಯಾಣಕ್ಕೆ, ಬಳಿಕ ನವಿಮುಂಬಯಿಗೆ ಸರಿದರು. ಅಲ್ಲಿ ಒಂದೂವರೆ ಕೋಣೆಯ ಮನೆಯನ್ನು ಕಂತುಕಂತಾಗಿ ಕಟ್ಟಿ ತಮ್ಮದಾಗಿಸಿಕೊಂಡರು.

ಪ್ರಕೃತ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ನಲವತ್ತು ಐವತ್ತು ವರ್ಷಗಳ ಹಿಂದೆ ಎದ್ದ ಮೂರು ನಾಲ್ಕು ಅಂತಸ್ತಿನ ಆ ಕಟ್ಟಡಗಳಲ್ಲಿ ಅನೇಕವು ಇಂದು ಶಿಥಿಲವಾಗಿವೆ. ಸೊಸೈಟಿಯ ಸಭೆಗಳಲ್ಲಿ ಪುನರ್ನಿರ್ಮಾಣದ ಮಾತೇ ಮಾತು. ಬಿಲ್ಡರನು ಎಷ್ಟು ಅಡಿ ಹೆಚ್ಚು ಕೊಡುವನು, ಎಷ್ಟು ಲಕ್ಷ ಕೈಗೆ ಕೊಡುವನು ಎಂಬ ಎರಡು ಪ್ರಶ್ನೆಗಳಲ್ಲಿಯೇ ಸಭೆ ಮುಗಿಯುತ್ತದೆ. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ವಿರಳ. ಈ ಹೆಚ್ಚಳ ಯಾರ ದುಡಿಮೆಯಿಂದ ಬಂದುದು? ನಮಗೆ ಕೈಗೆಟಕುವ ಬೆಲೆಗೆ ದೊರೆತ ನೆಲೆಯನ್ನು ನಮ್ಮ ಹಿಂದೆ ಬರುವವನಿಗೆ ಎಟಕದಂತೆ ಮಾಡುವ ಅಧಿಕಾರ ನಮಗೆ ಎಷ್ಟರಮಟ್ಟಿಗೆ ಇದೆ?

ಇದನ್ನು ವಿಚಾರಿಸುವ ಮೊದಲು ಸಹಕಾರಿ ಗೃಹನಿರ್ಮಾಣವು ಹೇಗೆ ಹುಟ್ಟಿತೆಂಬುದನ್ನು ನೆನೆಯುವುದು ಉಚಿತ. 1896ರ ಪ್ಲೇಗು ಮುಂಬಯಿಯ ಇಕ್ಕಟ್ಟಾದ ಚಾಳುಗಳ ದುಃಸ್ಥಿತಿಯನ್ನು ಜಗತ್ತಿಗೆ ತೋರಿಸಿತು. ಬೆಂಗಳೂರಿನಲ್ಲಿಯೂ ಅದೇ ಪಿಡುಗಿನ ಫಲವಾಗಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದವು. 1909ರಲ್ಲಿ ಅಲ್ಲಿ ಗೃಹನಿರ್ಮಾಣ ಸಹಕಾರಿ ಸಂಘವೊಂದು ಸ್ಥಾಪಿತವಾಯಿತು. ಮುಂಬಯಿಯಲ್ಲಿ ಈ ಕಾರ್ಯಕ್ಕೆ ಮುಂದಾದವರು ಕೆನರಾ ಜಿಲ್ಲೆಯ ಮೂಲದ ಚಿತ್ರಾಪುರ ಸಾರಸ್ವತ ಸಮಾಜದ ಶ್ರೀಪಾದ ಸುಬ್ರಾವ್ ತಲ್ಮಕಿಯವರು. ತಮ್ಮ ಗುರುಗಳಾದ ಶಾಮರಾವ್ ವಿಠಲ್ ಕೈಕಿಣಿಯವರ ಹೆಸರಿನಲ್ಲಿ 1906ರಲ್ಲಿ ಸಹಕಾರಿ ಬ್ಯಾಂಕನ್ನು ತೆರೆದವರೂ ಅವರೇ. 1904ರ ಕಾನೂನು ಸಾಲದ ಸಂಘಗಳಿಗೆ ಮಾತ್ರ ಅವಕಾಶ ನೀಡಿತ್ತು. 1912ರ ಕಾನೂನು ಇತರ ಸಂಘಗಳಿಗೂ ಬಾಗಿಲು ತೆರೆಯಿತು. 1915ರಲ್ಲಿ ಗಾಂವ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಹುಟ್ಟಿತು. ಪರಸ್ಥಳಕ್ಕೆ ಬಂದ ಗುಮಾಸ್ತರೂ ಉಪಾಧ್ಯಾಯರೂ ಧನಿಕನ ದಯೆಗೆ ಕಾಯದೆ, ಮನೆಮಾಲಿಕನ ಲೋಭಕ್ಕೆ ಸಿಕ್ಕದೆ, ತಾವೇ ಕೂಡಿ ಮನೆ ಕಟ್ಟಿಕೊಳ್ಳಬಹುದೆಂಬುದು ಇದರಿಂದ ಸಿದ್ಧವಾಯಿತು.

ಲಾಭರಹಿತವೆಂದರೆ ನಷ್ಟವೆಂದಲ್ಲ, ಧರ್ಮಾರ್ಥದ ಛತ್ರವೆಂದೂ ಅಲ್ಲ. ನೆಲಕ್ಕೆ, ಇಟ್ಟಿಗೆಗೆ, ಕೂಲಿಗೆ, ಸಾಲದ ಬಡ್ಡಿಗೆ ಎಷ್ಟು ತಗಲುವುದೋ ಅಷ್ಟನ್ನು ವಾಸಿಸುವವರು ತೆರುವರು. ನಡುವೆ ನಿಂತು ತನ್ನ ಪಾಲನ್ನು ಎತ್ತಿಕೊಳ್ಳುವವನು ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಕಾನೂನು ಕೂಡ ಈ ತತ್ತ್ವವನ್ನು ಒಪ್ಪಿದೆ. ಸೊಸೈಟಿಯು ತನ್ನ ಸದಸ್ಯರಿಂದ ಪಡೆಯುವ ವರ್ಗಾವಣೆ ಶುಲ್ಕವೇ ಮೊದಲಾದವು ಆದಾಯವೆನಿಸುವುದಿಲ್ಲವೆಂದು 2018ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ತನ್ನ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹಣ ಹಾಕಿಕೊಂಡವನು ಲಾಭ ಗಳಿಸಿದನೆಂದು ಯಾರು ಹೇಳುವರು? ಆ ವರ್ಗಾವಣೆ ಶುಲ್ಕವೂ 25,000 ರೂಪಾಯಿಗಳನ್ನು ಮೀರಕೂಡದೆಂದು ಮಹಾರಾಷ್ಟ್ರ ಸರ್ಕಾರವು 2001ರಲ್ಲಿಯೇ ಮಿತಿ ಹಾಕಿದೆ. ಹೀಗೆ ಸಂಘಕ್ಕೆ ಮಿತಿಯುಂಟು. ಆದರೆ ಅದೇ ಸಂಘದ ಸದಸ್ಯನು ತನ್ನ ಫ್ಲಾಟನ್ನು ಮಾರುವಾಗ ಯಾವ ಮಿತಿಯೂ ಇಲ್ಲ. ಕಾನೂನು ಎಲ್ಲಿ ಮೌನವಾಗುತ್ತದೆಯೋ ಅಲ್ಲಿಂದಲೇ ಧರ್ಮವಿಚಾರವು ಆರಂಭವಾಗುತ್ತದೆ.

ಬೆಲೆಯ ಹೆಚ್ಚಳದ ಮೂಲವನ್ನು ಈಗ ನೋಡೋಣ. ನವಿಮುಂಬಯಿಯನ್ನು ಕಟ್ಟಲು 1970ರ ಮಾರ್ಚ್‌ನಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ಆ ನಗರವು ನಿಂತಿರುವುದು 95 ಗ್ರಾಮಗಳ ನೆಲದ ಮೇಲೆ. ಹೊಲ, ಉಪ್ಪಿನ ಆಗರ, ಮೀನುಗಾರಿಕೆಗಳನ್ನು ನಂಬಿದ್ದ ಆಗ್ರಿ ಮತ್ತು ಕೋಳಿ ಜನರು ಆ ಗ್ರಾಮಗಳಲ್ಲಿದ್ದರು. ನ್ಯಾಯವಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ 1984ರ ಜನವರಿಯಲ್ಲಿ ನಡೆದ ಚಳವಳಿಯಲ್ಲಿ ಐವರು ರೈತರು ಪೊಲೀಸರ ಗುಂಡಿಗೆ ಬಲಿಯಾದರು. ವಶಪಡಿಸಿಕೊಂಡ ನೆಲದಲ್ಲಿ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆಯು ಆ ಹೋರಾಟದ ಫಲ. ವಾಶಿಯಲ್ಲಿಯೋ ನೇರೂಳಿನಲ್ಲಿಯೋ ಸಿಡ್ಕೋದ ಮನೆಯನ್ನು ಸಾಧಾರಣ ಬೆಲೆಗೆ ಪಡೆದ ಪ್ರತಿಯೊಬ್ಬರ ಹೊಸ್ತಿಲ ಕೆಳಗೂ ಈ ರೈತರ ತ್ಯಾಗವಿದೆ. ಮುಂದೆ ಆ ಮನೆಯ ಬೆಲೆ ಹಲವು ಪಟ್ಟು ಹೆಚ್ಚಿದ್ದು ಸೇತುವೆಯಿಂದ, ರೈಲಿನಿಂದ, ಶಾಲೆ ಆಸ್ಪತ್ರೆಗಳಿಂದ. ಗೋಡೆಗೆ ನಾವು ಬಳಿದ ಬಣ್ಣದಿಂದಲ್ಲ.

ಅಲ್ಲಿಯೇ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ರೂಪಿಸಿದ ವಸತಿಯೊಂದಿದೆ. ಕಲಾವಿದರ ಗ್ರಾಮವೆಂದು ಅದನ್ನು ಕರೆಯುತ್ತಾರೆ. ಏಳೇಳು ಮನೆಗಳ ನಡುವೆ ಒಂದು ಅಂಗಳ. ಒಂದು ಮನೆಯ ಗೋಡೆ ಇನ್ನೊಂದಕ್ಕೆ ತಗಲದು. ಆದ್ದರಿಂದ ನೆರೆಯವನಿಗೆ ಬಾಧೆಯಿಲ್ಲದಂತೆ ಪ್ರತಿಯೊಬ್ಬನೂ ಕೈಯಲ್ಲಿ ಹಣ ಸೇರಿದಂತೆ ಮನೆಯನ್ನು ಬೆಳೆಸಬಹುದಾಗಿತ್ತು. ನಿವೇಶನಗಳೆಲ್ಲ ಸುಮಾರು 45ರಿಂದ 75 ಚದರ ಮೀಟರುಗಳೊಳಗಿನವು. ಬಡವನಿಗೂ ಉಳ್ಳವನಿಗೂ ಹೆಚ್ಚಿನ ಅಂತರವಿರಲಿಲ್ಲ. ಇಂದು ಆ ಮನೆಗಳಲ್ಲಿ ಹಲವನ್ನು ಕೆಡವಿ ದೊಡ್ಡ ಕಟ್ಟಡಗಳನ್ನು ಎಬ್ಬಿಸಲಾಗಿದೆ. ಬೆಳೆಯುವ ಅವಕಾಶವನ್ನು ಯೋಜನೆಯು ಕೊಡಬಲ್ಲದು, ಎಲ್ಲಿ ನಿಲ್ಲಬೇಕೆಂಬ ವಿವೇಕವನ್ನು ಕೊಡಲಾರದು.

ಲಾಭವನ್ನೇ ಗುರಿಯಾಗಿಸಿದವನು ಅಗ್ಗದ ಮನೆಯನ್ನು ಕಟ್ಟಿದರೆ ಏನಾಗುವುದೆಂಬುದಕ್ಕೂ ಈ ಪ್ರದೇಶವೇ ಸಾಕ್ಷಿ. 2013ರ ಏಪ್ರಿಲ್ 4ರಂದು ಮುಂಬ್ರಾ ಸಮೀಪದ ಶೀಳ್ ಫಾಟಾದಲ್ಲಿ ಇನ್ನೂ ಕಟ್ಟುತ್ತಿದ್ದ ಅನಧಿಕೃತ ಕಟ್ಟಡವು ಕುಸಿದು 74 ಜನರು ಮಡಿದರು. ಅವರಲ್ಲಿ ಕಟ್ಟುವ ಕೂಲಿಗಳೂ ಇದ್ದರು, ಅಗ್ಗವೆಂದು ಆಗಲೇ ವಾಸಕ್ಕೆ ಬಂದವರೂ ಇದ್ದರು. ಡೊಂಬಿವಲಿ ಭಾಗದಲ್ಲಿ ನಕಲಿ ಅನುಮತಿಪತ್ರಗಳನ್ನು ತೋರಿಸಿ ಕಟ್ಟಿ ಮಾರಿದ 65 ಕಟ್ಟಡಗಳನ್ನು ಕೆಡವಬೇಕೆಂದು 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಆಯುಷ್ಯದ ಉಳಿತಾಯವನ್ನು ಸುರಿದು ಕೊಂಡ ಕುಟುಂಬಗಳು ಬೀದಿಗೆ ಬೀಳುವ ಭಯದಲ್ಲಿ ಸಿಲುಕಿದವು. ನ್ಯಾಯವಾದ ಮಾರ್ಗದಲ್ಲಿ ಸಣ್ಣ ಮನೆಗಳು ದೊರೆಯದಿದ್ದಾಗ ಬಡವರು ಅನ್ಯಾಯದ ಮಾರ್ಗದಲ್ಲಿ ಅವುಗಳನ್ನು ಕೊಳ್ಳುವಂತಾಗುತ್ತದೆ. ಆದ್ದರಿಂದ ಸಣ್ಣ ಮನೆಗಳೆಲ್ಲ ಅಳಿದು ದೊಡ್ಡವಾಗುವುದು ಕೇವಲ ಮಾರುಕಟ್ಟೆಯ ಸಂಗತಿಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. "ಮೂವತ್ತು ವರ್ಷ ಡೊಂಬಿವಲಿಯಿಂದ ಜೋತುಬಿದ್ದು ಪ್ರಯಾಣ ಮಾಡಿದ್ದೇವೆ, ಹೊಟ್ಟೆ ಬಟ್ಟೆ ಕಟ್ಟಿ ಕಂತು ತೀರಿಸಿದ್ದೇವೆ. ವೃದ್ಧಾಪ್ಯದಲ್ಲಿ ನಾಲ್ಕು ಕಾಸು ಬರುವುದಾದರೆ ಅದೂ ಪಾಪವೇ?" ಎಂದು ಕೇಳುವವರಿದ್ದಾರೆ. ಪಾಪವಲ್ಲ. ಗೃಹಸ್ಥನು ಧರ್ಮದಿಂದ ಅರ್ಥವನ್ನು ಗಳಿಸಬೇಕೆಂಬುದೇ ವಿಧಿ. ತೀರಿಸಿದ ಕಂತು, ಪಟ್ಟ ಶ್ರಮ, ಮುಪ್ಪಿನ ರಕ್ಷಣೆ ಇವುಗಳಿಗೆ ಸಲ್ಲುವ ಪಾಲು ನಿಶ್ಚಯವಾಗಿಯೂ ನಮ್ಮದು. ಆದರೆ ಅದರಾಚೆಗೆ ಉಳಿಯುವ ಪಾಲೊಂದುಂಟು. ಅದು ನೆಲ ಕೊಟ್ಟವರದು, ಊರು ಕಟ್ಟಿದವರದು, ನಮಗಿಂತ ಮೊದಲು ಲಾಭವನ್ನು ಬಿಟ್ಟುಕೊಟ್ಟವರದು. ಜೀವನ ಸ್ವಾತಂತ್ರ್ಯವೇ ದತ್ತಸ್ವಾತಂತ್ರ್ಯವೆಂದು ಒಪ್ಪುವ ನಾವು ಗೃಹಸ್ವಾಮ್ಯವನ್ನು ಮಾತ್ರ ಯಾರೂ ಕೊಡದೆ ಬಂದುದೆಂದು ಭಾವಿಸುವುದು ಹೇಗೆ ಯುಕ್ತವಾದೀತು? ಕೊಟ್ಟವರಲ್ಲಿ ಅನೇಕರು ಇಂದಿಲ್ಲ, ಅವರಿಗೆ ಹಿಂದಿರುಗಿಸಲಾಗದು. ಇಂಥ ಋಣವನ್ನು ಮುಂದಿನವರಿಗೇ ತೀರಿಸಬೇಕು. ಹಿರಿಯರು ನೆಟ್ಟ ಮಾವಿನ ಹಣ್ಣು ತಿಂದವನು ತಾನೂ ಒಂದು ಸಸಿ ನೆಡುವಂತೆ.

ಮುಂದಿನವರೆಂದರೆ ನಮ್ಮವರು ಮಾತ್ರವೇ ಎಂಬುದು ಇನ್ನೊಂದು ಸೂಕ್ಷ್ಮ ಪ್ರಶ್ನೆ. ಗಾಂವ್‌ದೇವಿಯ ಸಂಘವೂ ಒಂದು ಸಮಾಜದವರದೇ ಆಗಿತ್ತು. ಒಂದು ಸಮುದಾಯದವರಿಗೆ ಮಾತ್ರ ಸದಸ್ಯತ್ವವೆಂಬ ನಿಯಮವು ಅಸಿಂಧುವಲ್ಲವೆಂದು 2005ರಲ್ಲಿ ಪಾರಸಿಗಳ ಸಂಘವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಪರಿಚಿತರು ಕೂಡಿದಲ್ಲಿ ವಿಶ್ವಾಸವು ಬೇಗ ಹುಟ್ಟುತ್ತದೆ, ಮಡಿ ಆಚಾರಗಳಿಗೂ ಅನುಕೂಲ; ಇದು ನಿಜ. ಆದರೆ ನಮ್ಮವರು ಈ ನಾಡಿಗೆ ಬಂದಾಗ ಅವರ ಭಾಷೆ ಬೇರೆಯಾಗಿತ್ತು, ಆಚಾರ ಬೇರೆಯಾಗಿತ್ತು. ಆದರೂ ಬಾಗಿಲು ತೆರೆದ ಮನೆಗಳಿದ್ದುದರಿಂದಲೇ ನಾವು ಇಲ್ಲಿ ಬೇರೂರಿದೆವು. ನಮ್ಮ ಅಡುಗೆಮನೆಯ ಮಡಿಯನ್ನು ಕಾಯುವ ಹಕ್ಕು ನಮಗಿದೆ. ಇಡೀ ಕೇರಿಯ ಬಾಗಿಲನ್ನು ಮುಚ್ಚುವ ಹಕ್ಕು ಅದರಿಂದ ಬಾರದು.

ಕೇರಿಯ ಮಾತು ಬಂದುದರಿಂದ ಠಾಣೆಯ ಕಿಸಾನ್ ನಗರವನ್ನು ಸ್ಮರಿಸಬಹುದು. ವಾಗಳೆ ಎಸ್ಟೇಟಿನ ಮಗ್ಗುಲಲ್ಲಿ ದಟ್ಟವಾಗಿ ಬೆಳೆದ ವಸತಿಯಿದು. ಒಂದೊಂದೇ ಕಟ್ಟಡವನ್ನು ಕೆಡವಿ ಕಟ್ಟುವ ಬದಲು ರಸ್ತೆ, ನೀರು, ಬಯಲುಗಳೊಡನೆ ಇಡೀ ಪ್ರದೇಶವನ್ನೇ ಹೊಸದಾಗಿಸುವ ಕ್ಲಸ್ಟರ್ ಯೋಜನೆಯ ಕೆಲಸಕ್ಕೆ ಅಲ್ಲಿ 2023ರ ಜೂನ್‌ನಲ್ಲಿ ಭೂಮಿಪೂಜೆ ನಡೆಯಿತು. ಸಿಡ್ಕೋ ಇದರಲ್ಲಿ ಸೇರಿದೆ. ಉದ್ದೇಶ ಉತ್ತಮವಾದುದು. ಆದರೆ ಇಂಥ ಯೋಜನೆಗಳಲ್ಲಿ ಮನೆ ಉಚಿತವಾದರೂ ನಿರ್ವಹಣೆ ಉಚಿತವಲ್ಲ. ಲಿಫ್ಟು, ಪಂಪುಗಳ ಮಾಸಿಕ ಖರ್ಚನ್ನು ತಾಳಲಾರದೆ ಬಡ ಕುಟುಂಬವು ಮನೆ ಮಾರಿ ಬದಲಾಪುರದಾಚೆಗೆ ಹೋದರೆ ಕೇರಿ ಹೊಸದಾದೀತು, ಕೇರಿಯವರು ಇರಲಾರರು. ಇದ್ದವರು ಇದ್ದಲ್ಲಿಯೇ ಬಾಳುವಂತಾದರೆ ಮಾತ್ರ ಅದಕ್ಕೆ ಜೀರ್ಣೋದ್ಧಾರವೆಂಬ ಹೆಸರು ಒಪ್ಪುತ್ತದೆ. ದೇವಾಲಯದ ಜೀರ್ಣೋದ್ಧಾರವೆಂದು ಗೋಪುರವನ್ನು ಎತ್ತರಿಸಿ ಮೂರ್ತಿಯನ್ನು ಹೊರಗಿಡುವವರುಂಟೇ?

ಹಾಗಾದರೆ ಸಾಮಾನ್ಯ ಗೃಹಸ್ಥನು ಮಾಡಬಹುದಾದುದೇನು? ಮೊದಲನೆಯದಾಗಿ, ಸೊಸೈಟಿಯ ಸಭೆಯಲ್ಲಿ ನಮ್ಮ ಮತವನ್ನು ವಿವೇಕದಿಂದ ಚಲಾಯಿಸುವುದು. 2009ರ ನಿಯಮದಂತೆ ಪುನರ್ನಿರ್ಮಾಣಕ್ಕೆ ಮುಕ್ಕಾಲು ಪಾಲು ಬಹುಮತ ಬೇಕಾಗಿತ್ತು. 2019ರ ಜುಲೈನಿಂದ ಶೇ. 51ರಷ್ಟು ಸದಸ್ಯರ ಒಪ್ಪಿಗೆ ಸಾಕು. ಹಟಮಾರಿಯೊಬ್ಬನಿಂದ ಎಲ್ಲರ ಕಾರ್ಯ ಕೆಡಬಾರದೆಂಬುದು ಸರಿ; ಆದರೆ ಉಳಿದ ಶೇ. 49ರಲ್ಲಿ ಒಂಟಿಯಾಗಿರುವ ವಿಧವೆಯೂ ಇರಬಹುದು, ಬಾಡಿಗೆಮನೆ ಹುಡುಕಲಾರದ ವೃದ್ಧದಂಪತಿಗಳೂ ಇರಬಹುದು. ಬಹುಮತವು ನಿರ್ಣಯಕ್ಕೆ ಸಾಕು, ನ್ಯಾಯಕ್ಕೆ ಸಾಲದು. ಅವರ ತಾತ್ಕಾಲಿಕ ವಸತಿಯ ಏರ್ಪಾಡಾದ ಮೇಲೆಯೇ ಕರಾರಿಗೆ ಸಹಿ ಹಾಕೋಣ.

ಎರಡನೆಯದಾಗಿ, ಬಿಲ್ಡರನೊಬ್ಬನೇ ಗತಿಯೆಂದು ತಿಳಿಯದಿರುವುದು. ಸದಸ್ಯರೇ ಸಾಲ ಪಡೆದು ವಾಸ್ತುಶಿಲ್ಪಿಯನ್ನೂ ಗುತ್ತಿಗೆದಾರನನ್ನೂ ನೇಮಿಸಿ ಕಟ್ಟಿಕೊಳ್ಳುವ ಸ್ವಯಂಪುನರ್ನಿರ್ಮಾಣಕ್ಕೆ 2019ರ ಸೆಪ್ಟೆಂಬರಿನ ಸರ್ಕಾರಿ ನಿರ್ಣಯವು ಪ್ರೋತ್ಸಾಹ ನೀಡಿದೆ. ಇದು ತಲ್ಮಕಿಯವರ ಹಳೆಯ ಮಾರ್ಗವೇ. ಇದರಲ್ಲಿ ಶ್ರಮವುಂಟು, ಲೆಕ್ಕಪತ್ರದ ಶುದ್ಧಿ ಬೇಕು. ಆದರೆ ಬಿಲ್ಡರನಿಗೆ ಹೋಗುತ್ತಿದ್ದ ಪಾಲು ಸದಸ್ಯರ ವಿವೇಚನೆಗೆ ಉಳಿಯುತ್ತದೆ. ಮೂರನೆಯದಾಗಿ, ಹಾಗೆ ಉಳಿದ ಪಾಲನ್ನು ಸಂಪೂರ್ಣವಾಗಿ ಹಂಚಿಕೊಳ್ಳದೆ ನಿರ್ವಹಣೆಯ ನಿಧಿಯನ್ನು ಬಲಪಡಿಸುವುದು; ಮಾರಲಿರುವ ಹೊಸ ಫ್ಲಾಟುಗಳಲ್ಲಿ ಕೆಲವನ್ನಾದರೂ ಚಿಕ್ಕದಾಗಿ ಕಟ್ಟಿ, ತಗಲಿದ ವೆಚ್ಚಕ್ಕೆ ಸಮೀಪದ ಬೆಲೆಗೆ ಕೊಡುವುದು. ಕಟ್ಟಡದ ಕಾವಲುಗಾರನಿಗೆ ಮಲಗಲೊಂದು ಕೋಣೆಯನ್ನು ನಕಾಶೆಯಲ್ಲಿಯೇ ಬರೆಸುವುದು. ನಾಲ್ಕನೆಯದಾಗಿ, ಉಳ್ಳವರು ಎರಡನೆಯ ಮೂರನೆಯ ಮನೆಯನ್ನು ಕೊಂಡು ಬೀಗ ಹಾಕಿಡದೆ ನ್ಯಾಯವಾದ ಬಾಡಿಗೆಗೆ ಕೊಡುವುದು.

ಇವುಗಳಲ್ಲಿ ಒಂದನ್ನೂ ಕಾನೂನು ನಮ್ಮಿಂದ ಬಲವಂತವಾಗಿ ಮಾಡಿಸಲಾರದು. ಮಾಡದಿದ್ದರೆ ದಂಡವೂ ಇಲ್ಲ. ಆದರೆ ಇಂದಿಗೂ ಊರಿನಿಂದ ಒಂದು ಚೀಲ ಹಿಡಿದು ಕಲ್ಯಾಣದ ನಿಲ್ದಾಣದಲ್ಲಿ ಇಳಿಯುವ ತರುಣರಿದ್ದಾರೆ. ಹೋಟೆಲಿನ ಬೆಂಚಿನ ಮೇಲೆ ಮಲಗುವವನಿದ್ದಾನೆ, ಗೆಳೆಯರೊಡನೆ ಒಂದೇ ಕೋಣೆಯಲ್ಲಿ ಇಕ್ಕಟ್ಟಾಗಿರುವವನಿದ್ದಾನೆ. ಅವರು ಕೇಳುವುದು ದಾನವನ್ನಲ್ಲ. ನಮಗೆ ದೊರೆತಂತೆ ದುಡಿದು ತೀರಿಸಬಲ್ಲ ಬೆಲೆಗೆ ಒಂದು ಸೂರನ್ನು. ಮುಂದಿನ ಸಭೆಯಲ್ಲಿ ಎಷ್ಟು ಅಡಿ, ಎಷ್ಟು ಲಕ್ಷ ಎಂಬ ಪ್ರಶ್ನೆಗಳು ಮುಗಿದ ಬಳಿಕ, ಅವರ ಪರವಾಗಿ ಎದ್ದು ಮೂರನೆಯ ಪ್ರಶ್ನೆಯನ್ನು ಕೇಳುವವರು ನಮ್ಮಲ್ಲಿ ಒಬ್ಬರಾದರೂ ಇರಲಿ.