ಉಳಿಸುವುದು ಮತ್ತು ಇಟ್ಟುಕೊಳ್ಳುವುದು

ಮಳೆಗಾಲ ಇನ್ನೇನು ಹಿಡಿಯಬೇಕು ಎನ್ನುವ ಹೊತ್ತಿಗೆ ಮಲೆನಾಡಿನ ಹಳೆಯ ಮರಗಳ ಕೊಂಬೆಗಳಿಂದ ಸೀತಾಳೆದಂಡೆ ಇಳಿಬೀಳುತ್ತದೆ. ಬಿಳಿಯ ಎಸಳಿನ ಮೇಲೆ ನೇರಳೆಗೆಂಪು ಚುಕ್ಕೆ, ನಡುವೆ ಅದೇ ಬಣ್ಣದ ತುಟಿ. ಇಂಥ ನೂರಕ್ಕೂ ಮಿಕ್ಕ ಪುಟ್ಟ ಹೂಗಳು ಒಂದೇ ಕಡ್ಡಿಯ ಸುತ್ತ ಒತ್ತೊತ್ತಾಗಿ ಕೂತು ಗೇಣುದ್ದ ಇಳಿದಿರುತ್ತವೆ. ಯಾರೋ ಪುರುಸೊತ್ತಿನಲ್ಲಿ ಕೂತು ಕಟ್ಟಿದ ಹೂದಂಡೆಯಂತೆಯೇ ಕಾಣುತ್ತದೆ. ವನವಾಸದ ಕಾಲದಲ್ಲಿ ಸೀತೆ ಮುಡಿದ ದಂಡೆ ಇದು ಎನ್ನುವುದು ಹಿರಿಯರ ಮಾತು. ಪರಿಮಳ ಮಲ್ಲಿಗೆಯಂತೆ ದೂರದಿಂದ ಕರೆಯುವುದಿಲ್ಲ. ಮರದ ಬುಡಕ್ಕೆ ಹೋಗಿ, ಗಾಳಿ ಒಂದಿಷ್ಟು ಆಡುವವರೆಗೆ ನಿಂತವರಿಗೆ ಮಾತ್ರ ಸಿಗುತ್ತದೆ.

ಇಷ್ಟು ಚೆಂದದ ಗಿಡವನ್ನು ಕಂಡವರಿಗೆ ಮೊದಲು ಬರುವ ಆಸೆ ಒಂದೇ: ಇದು ನಮ್ಮನೆಯಲ್ಲೂ ಇರಬೇಕು. ಆಸೆಯಲ್ಲಿ ದುಷ್ಟತನವೇನೂ ಇಲ್ಲ. ಕೊಂಬೆಯಿಂದ ಬೇರು ಬಿಡಿಸಿ, ಚೀಲಕ್ಕೆ ಹಾಕಿಕೊಂಡು, ಊರಿನ ಬಾಲ್ಕನಿಯಲ್ಲಿ ತೆಂಗಿನ ನಾರಿನ ಬುಟ್ಟಿಗೆ ಕಟ್ಟುವವರು ಹೂವನ್ನು ದ್ವೇಷಿಸುವವರಲ್ಲ. ಹೂವನ್ನು ಗಮನಿಸದವರಿಂದ ಈ ಗಿಡಕ್ಕೆ ಇಂಥ ಅಪಾಯವೂ ಇಲ್ಲ. ತೊಂದರೆ ಬರುವುದು ಪ್ರೀತಿಸುವವರಿಂದ. ಹಾಗಾಗಿ ಇದು ಕಳ್ಳತನ ಸರಿಯೋ ತಪ್ಪೋ ಎಂಬ ಸುಲಭದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಂದನ್ನು ಪ್ರೀತಿಸುವುದಕ್ಕೂ ಅದನ್ನು ಹತ್ತಿರ ಇಟ್ಟುಕೊಳ್ಳುವುದಕ್ಕೂ ಇರುವ ನಂಟು ಎಂಥದು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಮೊದಲು ಈ ಗಿಡ ಎಲ್ಲಿಗೆ ಮುಗಿಯುತ್ತದೆ ಎಂದು ನೋಡೋಣ. ಹಳ್ಳಿಗಳಲ್ಲಿ ಇದನ್ನೂ ಬದನಿಕೆಯ ಸಾಲಿಗೆ ಸೇರಿಸುವವರಿದ್ದಾರೆ. ಬದನಿಕೆ ಮರದೊಳಕ್ಕೆ ಬೇರಿಳಿಸಿ ರಸ ಕುಡಿಯುತ್ತದೆ. ಸೀತಾಳೆದಂಡೆ ಮರದಿಂದ ನೆಲೆಯನ್ನಷ್ಟೇ ಪಡೆಯುತ್ತದೆ. ಅದರ ದಪ್ಪ ಬೇರುಗಳು ತೊಗಟೆಯನ್ನು ಅಪ್ಪಿರುತ್ತವೆ, ಕೆಲವು ಗಾಳಿಯಲ್ಲೇ ಜೋತಿರುತ್ತವೆ. ಬೇರಿನ ಮೇಲೆ ಸ್ಪಂಜಿನಂಥ ಹೊದಿಕೆಯಿದೆ. ಒಣಗಿದಾಗ ಬೆಳ್ಳಿಯಂತೆ ಬಿಳಿ, ಮಳೆಹನಿ ತಾಗಿದ ಕೂಡಲೇ ಹಸಿರು. ಮಂಜು, ಮಳೆ, ತೊಗಟೆಯ ಮೇಲೆ ಹರಿದು ಬರುವ ನೀರು, ಕೊಳೆತ ಎಲೆಯ ಸಾರ, ಇಷ್ಟರಲ್ಲೇ ಅದರ ಸಂಸಾರ ನಡೆಯುತ್ತದೆ.

ಬೀಜದ ಕತೆ ಇನ್ನೂ ವಿಚಿತ್ರ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ, ಧೂಳಿನಷ್ಟು ಸಣ್ಣವು. ಭತ್ತ, ಹೆಸರು, ಹಲಸಿನ ಬೀಜಗಳಿಗೆ ತಾಯಿಗಿಡ ಬುತ್ತಿ ಕಟ್ಟಿ ಕಳಿಸುತ್ತದೆ. ಇವಕ್ಕೆ ಬುತ್ತಿಯೇ ಇಲ್ಲ. ತೊಗಟೆಯ ಬಿರುಕಿನಲ್ಲಿ ತಕ್ಕ ಶಿಲೀಂಧ್ರದ ಎಳೆ ಸಿಕ್ಕಿ, ಅದು ಬೀಜದೊಳಗೆ ಹೊಕ್ಕು ಉಣಿಸಿದರೆ ಮಾತ್ರ ಮೊಳಕೆ. ಫ್ರೆಂಚ್ ಸಸ್ಯವಿಜ್ಞಾನಿ ನೋಯೆಲ್ ಬರ್ನಾರ್ 1899ರಲ್ಲಿ ಇದನ್ನು ಗುರುತಿಸಿದರು. ಲಕ್ಷದಲ್ಲಿ ಒಂದಕ್ಕೋ ಎರಡಕ್ಕೋ ಆ ಭಾಗ್ಯ. ಅಲ್ಲಿಂದ ಹೂ ಬಿಡಲು ಮತ್ತೆ ವರ್ಷಗಳು ಹಿಡಿಯುತ್ತವೆ. ಮಳೆ, ಮರ, ಶಿಲೀಂಧ್ರ, ಪರಾಗ ಹೊರುವ ಕೀಟ ಎಲ್ಲ ಒಂದೇ ಕಡೆ ಕೂಡಿಬಂದಾಗ ಕೊಂಬೆಯಲ್ಲಿ ಒಂದು ದಂಡೆ ತೂಗುತ್ತದೆ. ನಾವು ಚೀಲಕ್ಕೆ ಹಾಕಿಕೊಂಡದ್ದರಲ್ಲಿ ಇವುಗಳಲ್ಲಿ ಎಷ್ಟು ಬಂದವು?

ಹಿಂದಿನವರು ಈ ಗಿಡಕ್ಕೆ ಹೆಸರಿಡುವಾಗ ಮರವನ್ನು ಬಿಟ್ಟಿರಲಿಲ್ಲ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಇದರ ಚಿತ್ರವಿದೆ. ಅಲ್ಲಿ ಇದಕ್ಕೆ ಮಲಯಾಳದ ಹೆಸರು, ಅಂಜಿಲಿ ಮರವಾಳ. ಅಂಜಿಲಿ ಎಂದರೆ ನಮ್ಮ ಹೆಬ್ಬಲಸು. 1753ರಲ್ಲಿ ಲಿನೇಯಸ್ ಇದನ್ನು ‘ಎಪಿಡೆಂಡ್ರಮ್’ ಎಂಬ ಗುಂಪಿಗೆ ಸೇರಿಸಿದ. ಆ ಗ್ರೀಕ್ ಮಾತಿಗೆ ‘ಮರದ ಮೇಲಿನದು’ ಎಂದೇ ಅರ್ಥ. ಈಗಿನ ಹೆಸರು ರಿಂಕೋಸ್ಟೈಲಿಸ್ ರೆಟುಸಾ. ಹೂವಿನ ನಡುವಿನ ಕೊಕ್ಕಿನಾಕಾರದ ಭಾಗವನ್ನು ನೋಡಿ ಇಟ್ಟದ್ದು. ವಿಜ್ಞಾನಕ್ಕೆ ಇದು ಹೆಚ್ಚು ಖಚಿತವಾದ ಹೆಸರು, ತಕರಾರಿಲ್ಲ. ಆದರೆ ಗಿಡವನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡುತ್ತಾ ಹೋದಂತೆ ಹೆಸರಿನೊಳಗಿನ ಮರ ಜಾರಿಹೋಯಿತು. ಬಾಲ್ಕನಿಯ ಬುಟ್ಟಿಯಲ್ಲಿ ಆಗುವುದೂ ಅದೇ.

ಸೀತೆಯ ಹೆಸರು ಹೊತ್ತ ಹೂವಾದ್ದರಿಂದ ಸೀತೆಯ ಕತೆಯನ್ನೇ ಕೇಳಬಹುದು. ಪಂಚವಟಿಯಲ್ಲಿ ಅವಳಿಗೂ ಒಂದು ಆಸೆ ಹುಟ್ಟಿತು. ಬಂಗಾರದ ಜಿಂಕೆ ಜೀವಂತ ಸಿಕ್ಕರೆ ಅಯೋಧ್ಯೆಗೆ ಒಯ್ಯಬಹುದು, ಅರಮನೆಯಲ್ಲಿ ಎಲ್ಲರೂ ನೋಡಿ ಬೆರಗಾಗುತ್ತಾರೆ ಎಂದುಕೊಂಡಳು. ಕಾಡಿನ ಚೆಲುವನ್ನು ಮನೆಗೆ ಒಯ್ಯುವ ಆಸೆ ಎಷ್ಟು ಸಹಜ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ದಿನ, ಅದೇ ಕಾಡಿನಿಂದ, ಅವಳನ್ನೇ ಇನ್ನೊಬ್ಬ ಎತ್ತಿಕೊಂಡು ಹೋದ. ಇಟ್ಟದ್ದು ಸೆರೆಮನೆಯಲ್ಲಲ್ಲ, ಅಶೋಕವನದಲ್ಲಿ. ಮರವಿತ್ತು, ಹೂವಿತ್ತು, ಕೊಳವಿತ್ತು, ಕಾವಲಿತ್ತು. ಪರ್ಣಕುಟಿಯಲ್ಲಿದ್ದವಳಿಗೆ ಅದಕ್ಕಿಂತ ಒಳ್ಳೆಯ ಜಾಗವನ್ನೇ ಕೊಟ್ಟಿದ್ದೇನೆ ಎಂದು ರಾವಣ ನಂಬಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ಅವಳು ಬಾಡಿದಳು. ಒಂದೇ ಕತೆಯೊಳಗೆ ಇವೆರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಇಟ್ಟವರು ಏನನ್ನೋ ಬಲ್ಲವರಾಗಿದ್ದರು.

ಹಾಗಾದರೆ ಹೂ ಮುಟ್ಟಲೇಬಾರದೇ ಎಂದು ನೀವು ಕೇಳಬಹುದು. ಅಸ್ಸಾಮಿನಲ್ಲಿ ಇದೇ ಹೂವಿಗೆ ಕೊಪೌ ಎನ್ನುತ್ತಾರೆ. ಅದು ಆ ರಾಜ್ಯದ ಹೂ. ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳ ತುರುಬಿನಲ್ಲಿ ಅದು ಇರಲೇಬೇಕು. ಮಲೆನಾಡಿನ ಹೆಂಗಸರೂ ದಂಡೆ ಕೊಯ್ದು ಮುಡಿದವರೇ. ಆದರೆ ಮುಡಿಯಲು ಬೇಕಾದದ್ದು ಗೊಂಚಲು, ಗಿಡವಲ್ಲ. ಮುಂದಿನ ವರ್ಷವೂ ಮುಡಿಯಬೇಕೆಂದರೆ ಗಿಡ ಮರದ ಮೇಲೆಯೇ ಇರಬೇಕು. ಅವರ ಆಸೆಯೊಳಗೇ ಒಂದು ಮಿತಿ ಇತ್ತು. ಯಾರೂ ಉಪದೇಶ ಮಾಡಬೇಕಾಗಿರಲಿಲ್ಲ. ಕೊಯ್ದ ದಂಡೆಯ ಕಾಯಿ, ಬೀಜ ಹೋಯಿತೆಂಬುದು ನಿಜ, ಎಲ್ಲ ಗೊಂಚಲನ್ನೂ ಕೊಯ್ದರೆ ಅದೂ ತಪ್ಪೇ. ಆದರೂ ಹೂ ಮುಡಿದವಳು ಮತ್ತೆ ಆ ಮರದ ಬುಡಕ್ಕೆ ಬರಬೇಕಿತ್ತು. ಗಿಡ ಕಿತ್ತವನಿಗೆ ಮರದ ಹಂಗು ಅಲ್ಲಿಗೇ ಮುಗಿಯಿತು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಮಳೆಗಾಳಿಗೆ ಕೊಂಬೆ ಮುರಿದು, ಗಿಡದ ಸಮೇತ ನೆಲಕ್ಕೆ ಬಿದ್ದಿದೆ. ಅಲ್ಲೇ ಬಿಟ್ಟರೆ ಕೊಳೆಯುತ್ತದೆ. ಎತ್ತಿಕೊಂಡು ಹೋಗುವುದು ತಪ್ಪೇ? ಇಲ್ಲಿ ನನಗೆ ಒಂದು ಸರಳ ಪರೀಕ್ಷೆ ತೋಚುತ್ತದೆ. ಆ ಗಿಡವನ್ನು ಯಾವ ಮರಕ್ಕೆ ಕಟ್ಟುತ್ತೇವೆ? ಹತ್ತು ಹೆಜ್ಜೆ ದೂರದ ಇನ್ನೊಂದು ಒರಟು ತೊಗಟೆಯ ಮರಕ್ಕೆ ಬಾಳೆನಾರಿನಿಂದ ಕಟ್ಟಿ ಬಂದರೆ ಅದು ಉಳಿಸಿದಂತೆ. ಬೇರು ಹಿಡಿಯುವಷ್ಟರಲ್ಲಿ ನಾರು ತಾನೇ ಕಳಚುತ್ತದೆ, ಕಟ್ಟಿದವರ ಗುರುತೂ ಉಳಿಯುವುದಿಲ್ಲ. ನೂರು ಮೈಲಿ ಆಚೆಯ ನಮ್ಮ ಅಂಗಳಕ್ಕೆ ತಂದರೆ ಅದು ಇಟ್ಟುಕೊಂಡಂತೆ. ಬದುಕಿಸಿದ್ದೇವೆ ಎನ್ನುವ ಮಾತು ಎರಡು ಕಡೆಯೂ ನಿಜವಿರಬಹುದು. ಒಂದರಲ್ಲಿ ಗಿಡಕ್ಕೆ ಅದರ ಜಾಗ ಮರಳಿ ಸಿಕ್ಕಿತು, ಇನ್ನೊಂದರಲ್ಲಿ ನಮಗೆ ಗಿಡ ಸಿಕ್ಕಿತು.

ಈ ಎರಡು ಮಾತುಗಳ ಗೊಂದಲ ಬರೀ ಅಂಗಳದ ಮಟ್ಟದಲ್ಲಿಲ್ಲ. ರಸ್ತೆ ಅಗಲಿಸಲು ಸಾಲುಮರ ಉರುಳಿಸುವಾಗ ಅದರ ಮೇಲಿನ ಆರ್ಕಿಡ್‌ಗಳನ್ನು ಬಿಡಿಸಿ ಬೇರೆ ಕಡೆ ಕಟ್ಟುವುದು ಒಳ್ಳೆಯ ಕೆಲಸವೇ. ಉರುಳುವ ಮರ ಉರುಳಿಯೇ ತೀರುವುದಾದರೆ ಅಷ್ಟಾದರೂ ಆಗಲಿ. ಆದರೆ ಗಿಡ ಸ್ಥಳಾಂತರಿಸುತ್ತೇವಲ್ಲ ಎಂಬ ಸಮಾಧಾನವೇ ಮರ ಕಡಿಯಲು ಅನುಮತಿಪತ್ರವಾದರೆ, ಉಳಿಸುವ ಕೈ ಕೊಡಲಿಯ ಕಾವಾಗುತ್ತದೆ. ಪ್ರಯೋಗಾಲಯದ ಮಾತೂ ಹೀಗೇ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆ, ಸಕ್ಕರೆ ಬೆರೆಸಿದ ಪಾಕದ ಮೇಲೆ ಆರ್ಕಿಡ್ ಬೀಜ ಮೊಳೆಯಿಸಬಹುದೆಂದು ತೋರಿಸಿಕೊಟ್ಟ. ಬಾಟಲಿಯಲ್ಲಿ ಬೆಳೆದ ಸಸಿ ಕೊಂಡು ತಂದು ಸಾಕುವವರು ಕಾಡಿನ ಮೇಲಿನ ಭಾರವನ್ನು ಇಳಿಸುತ್ತಾರೆ. ಅಂಗಳದಲ್ಲಿ ಆರ್ಕಿಡ್ ಬೇಕೆನ್ನುವವರಿಗೆ ಅದೇ ಸರಿಯಾದ ದಾರಿ. ಆದರೆ ಬಾಟಲಿಯಲ್ಲಿ ಸಾವಿರ ಸಸಿ ಇದೆಯೆಂದು ಕಾಡಿನ ಒಂದು ಗಿಡ ಹೋದರೂ ನಷ್ಟವಿಲ್ಲ ಎನ್ನುವಂತಿಲ್ಲ. ಹೆಬ್ಬಲಸಿನ ತೊಗಟೆಯೊಡನೆ, ಅದರ ಬಿರುಕಿನ ಶಿಲೀಂಧ್ರದೊಡನೆ ಆ ಗಿಡ ಕಟ್ಟಿಕೊಂಡಿದ್ದ ಬಳಕೆ ಬಾಟಲಿಯಲ್ಲಿ ಇಲ್ಲ.

ಕಾನೂನು ತನ್ನ ಮಟ್ಟಿಗೆ ಕಾವಲಿದೆ. ಆರ್ಕಿಡ್ ಕುಟುಂಬದ ಗಿಡಗಳೆಲ್ಲ ದೇಶದೇಶಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಅಭಯಾರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವಂತಿಲ್ಲ. ಆದರೆ ತೋಟದಂಚಿನ ಮಾವಿನ ಮರದ ಬಳಿ, ಸಂಜೆ ಹೊತ್ತು, ಯಾರೂ ನೋಡದಿರುವಾಗ ಕೈ ಚಾಚಿದವರ ಪಕ್ಕದಲ್ಲಿ ಯಾವ ಕಾಯ್ದೆಯೂ ನಿಂತಿರುವುದಿಲ್ಲ. ಅಲ್ಲಿ ತೀರ್ಮಾನ ನಮ್ಮದೇ.

ಹೂವಿನ ಪರಿಮಳ ನಮಗಾಗಿ ಹುಟ್ಟಿದ್ದಲ್ಲ. ಅದು ಕೀಟಕ್ಕೆ ಹೋದ ಕರೆ, ದಾರಿಯಲ್ಲಿ ನಿಂತ ನಮ್ಮ ಮೂಗಿಗೂ ತಾಗಿತು, ಅಷ್ಟೆ. ಪಕ್ಕದ ಮನೆಯ ಹಾಡು ಕಿವಿಗೆ ಬಿದ್ದಂತೆ. ಕೇಳಿ ಸುಖಪಡಲು ಅಡ್ಡಿಯಿಲ್ಲ, ಹಾಡುವವರನ್ನು ಮನೆಗೆ ಹೊತ್ತು ತರುವುದು ಬೇರೆ ಮಾತು. ವರ್ಷಕ್ಕೆ ಎರಡು ಮೂರು ವಾರ ಮಾತ್ರ ಹೂವಿರುತ್ತದೆ. ಆ ವಾರಗಳಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಹೋಗಬೇಕು, ಜಿಗಣೆ ಹತ್ತಿಸಿಕೊಂಡು ನಡೆಯಬೇಕು, ಕತ್ತೆತ್ತಿ ಕಾಯಬೇಕು. ಮಕ್ಕಳನ್ನೂ ಕರೆದುಕೊಂಡು ಹೋಗಿ, ಆ ಮರದ ಹೆಸರು ಹೇಳಿಕೊಟ್ಟರೆ ಇನ್ನೂ ಒಳ್ಳೆಯದು. ಮೊದಲು ಮರದ ಹೆಸರು, ಆಮೇಲೆ ಹೂವಿನದು.