ಕೃಪೆ ಸಿಕ್ಕ ಮೇಲೂ ಉಳಿಯುವ ಸಾಲ

ಮನುಷ್ಯ ತನ್ನ ಒಳ್ಳೆಯ ಕೆಲಸಗಳ ಬಲದಿಂದಲೇ ಸ್ವರ್ಗ ಸೇರಬಲ್ಲನೇ? ಕ್ರೈಸ್ತರಲ್ಲಿ, ಮುಖ್ಯವಾಗಿ ಪ್ರೊಟೆಸ್ಟೆಂಟರಲ್ಲಿ, ಈ ಪ್ರಶ್ನೆಗೆ ಸಿಗುವ ಉತ್ತರ ಖಚಿತವಾದದ್ದು: ಸಾಧ್ಯವಿಲ್ಲ. ರಕ್ಷಣೆಯೆಂಬುದು ದುಡಿದು ಪಡೆಯುವ ಕೂಲಿಯಲ್ಲ, ದೇವರು ತಾನಾಗಿ ಕೊಡುವ ದಾನ. ಯೇಸು ಕ್ರಿಸ್ತನಲ್ಲಿ ನಂಬಿಕೆಯಿಟ್ಟವನಿಗೆ ಅದು ದಕ್ಕುತ್ತದೆ. ಅವರಲ್ಲಿ ಅನೇಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನಗೆ ರಕ್ಷಣೆಯಾಗಿದೆ ಎಂದು ಭಕ್ತನು ಬದುಕಿರುವಾಗಲೇ ಭರವಸೆಯಿಂದ ಹೇಳಬಹುದು ಎನ್ನುತ್ತಾರೆ.

ಕರ್ಮಗಳನ್ನು ತಕ್ಕಡಿಯಲ್ಲಿ ತೂಗುವ ದಿನದ ಬಗ್ಗೆ ಬಾಲ್ಯದಿಂದ ಕೇಳುತ್ತ ಬೆಳೆದವರಿಗೆ ಇದು ತೀರಾ ಸುಲಭದ ದಾರಿಯೆನಿಸುತ್ತದೆ. ನಂಬಿದರೆ ಸಾಕು ಎಂದಾದರೆ ಒಳ್ಳೆಯವನಾಗಿ ಬಾಳುವ ಕಷ್ಟ ಯಾರಿಗೆ ಬೇಕು? ಆದರೆ ಈ ಮಾತು ಹುಟ್ಟಿದ್ದು ಸೋಮಾರಿಯ ಬಾಯಲ್ಲಿ ಅಲ್ಲ. 1505ರಲ್ಲಿ ಜರ್ಮನಿಯ ಎರ್‌ಫರ್ಟಿನಲ್ಲಿ ಮಠ ಸೇರಿದ ಮಾರ್ಟಿನ್ ಲೂಥರ್ ಉಪವಾಸ, ಜಾಗರಣೆ, ಪಾಪನಿವೇದನೆ ಯಾವುದರಲ್ಲೂ ಹಿಂದೆ ಬಿದ್ದವನಲ್ಲ. ಎಷ್ಟು ಮಾಡಿದರೂ 'ಇಷ್ಟು ಸಾಕೇ?' ಎಂಬ ಭಯ ಅವನನ್ನು ಬಿಡಲಿಲ್ಲ. ಅದೇ ಕಾಲದಲ್ಲಿ ಚರ್ಚು ಹಣ ಪಡೆದು ಪಾಪದ ಶಿಕ್ಷೆಯಿಂದ ವಿನಾಯಿತಿ ನೀಡುವ ಪತ್ರಗಳನ್ನು ಹಂಚುತ್ತಿತ್ತು. 1517ರಲ್ಲಿ ಲೂಥರ್ ತನ್ನ 95 ವಾದಗಳನ್ನು ಮುಂದಿಟ್ಟದ್ದು ಈ ವ್ಯಾಪಾರದ ವಿರುದ್ಧ. ಸಂತ ಪೌಲನು ರೋಮನ್ನರಿಗೆ ಬರೆದ ಪತ್ರದಲ್ಲಿ ಅವನಿಗೆ ತನ್ನ ಭಯಕ್ಕೆ ಉತ್ತರ ಸಿಕ್ಕಿತ್ತು: ಮನುಷ್ಯ ನೀತಿವಂತನೆನಿಸುವುದು ನಂಬಿಕೆಯಿಂದ.

ಈ ಮಾತಿನಲ್ಲಿ ದೊಡ್ಡ ವಿನಯವಿದೆ, ಒಂದು ಬಗೆಯ ಸಮಾನತೆಯೂ ಇದೆ. ದೇವರ ಮುಂದೆ ದೊರೆ ಮತ್ತು ಭಿಕ್ಷುಕ ಇಬ್ಬರದೂ ಬರಿಗೈ. ಇಸ್ಲಾಮಿಗೂ ಇದು ಹೊರಗಿನ ಮಾತಲ್ಲ. ಯಾರೂ ಕೇವಲ ತಮ್ಮ ಕರ್ಮದಿಂದ ಸ್ವರ್ಗ ಸೇರಲಾರರು, ಅಲ್ಲಾಹನ ಕರುಣೆ ಆವರಿಸದಿದ್ದರೆ ತಾವು ಕೂಡ ಸೇರಲಾರೆವು ಎಂಬರ್ಥದಲ್ಲಿ ಪ್ರವಾದಿಯವರು(ಸ) ಹೇಳಿದ ಹದೀಸ್ ಪ್ರಸಿದ್ಧವಾಗಿದೆ. ಹಾಗಾಗಿ ನನ್ನ ತಕರಾರು ಕೃಪೆಯ ಬಗ್ಗೆ ಅಲ್ಲ. ಕೃಪೆ ಸಿಕ್ಕಿದೆಯೆಂಬ ಭರವಸೆ ಮನುಷ್ಯನನ್ನು ಏನು ಮಾಡುತ್ತದೆ ಎಂಬುದೇ ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ಒಂದು ಬದುಕಿನಲ್ಲಿಟ್ಟು ನೋಡೋಣ. 'ಅಮೇಜಿಂಗ್ ಗ್ರೇಸ್' ಎಂಬ ಹಾಡು ಇಂದು ಲೋಕದ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ಬರೆದ ಜಾನ್ ನ್ಯೂಟನ್ ಇಂಗ್ಲೆಂಡಿನ ನಾವಿಕ. 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಅವನ ಹಡಗು ಮುಳುಗುವ ಹಂತಕ್ಕೆ ಬಂದಾಗ ದೇವರನ್ನು ಕರೆದ, ಬದುಕಿ ಉಳಿದ. ಆ ದಿನವನ್ನು ತನ್ನ ಮನಃಪರಿವರ್ತನೆಯ ದಿನವೆಂದು ಜೀವನವಿಡೀ ನೆನೆದ. ಆದರೆ ಅದರ ನಂತರವೇ, 1750ರಿಂದ 1754ರವರೆಗೆ, ಅವನು ಕಪ್ತಾನನಾಗಿ ಮೂರು ಸಲ ಗುಲಾಮರ ಹಡಗು ನಡೆಸಿದ. ಮೇಲೆ ನಾವಿಕರಿಗೆ ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದ. ಕೆಳಗೆ ಆಫ್ರಿಕದ ಗಂಡಸರು ಸರಪಳಿಯಲ್ಲಿದ್ದರು. ದಂಗೆಯ ಸುಳಿವು ಸಿಕ್ಕಾಗ ಹುಡುಗರ ಹೆಬ್ಬೆರಳುಗಳನ್ನು ತಿರುಪಿನಿಂದ ಹಿಂಡಿಸಿ ಬಾಯಿ ಬಿಡಿಸಿದ್ದನ್ನು ಅವನೇ ದಿನಚರಿಯಲ್ಲಿ ಬರೆದಿದ್ದಾನೆ. 1754ರಲ್ಲಿ ಅವನು ಕಡಲು ಬಿಟ್ಟದ್ದು ಹಠಾತ್ತನೆ ಬಂದ ಕಾಯಿಲೆಯಿಂದಾಗಿ. ಆಮೇಲೆ ಪಾದ್ರಿಯಾದ. 1773ರ ಹೊಸ ವರ್ಷದ ಆರಾಧನೆಗಾಗಿ ಆ ಹಾಡು ಬರೆದ.

ನ್ಯೂಟನ್‌ಗೆ ದೇವರ ಕ್ಷಮೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದನ್ನು ನಿರ್ಧರಿಸಲು ನಾವು ಯಾರು? ಆದರೆ ಹೆಬ್ಬೆರಳು ಹಿಂಡಿಸಿಕೊಂಡ ಆ ಹುಡುಗರನ್ನು ಯಾರು ಕೇಳಿದರು? ಮನುಷ್ಯರ ಹಕ್ಕು, ಅಂದರೆ ಹುಕೂಕುಲ್ ಇಬಾದ್, ಕಸಿದುಕೊಂಡವನು ಅದನ್ನು ಹಿಂತಿರುಗಿಸಬೇಕು, ಅವರಿಂದಲೇ ಕ್ಷಮೆ ಪಡೆಯಬೇಕು ಎಂದು ನಮ್ಮ ಉಲೆಮಾಗಳು ಹೇಳುತ್ತ ಬಂದಿದ್ದಾರೆ. ಇದು ನಮ್ಮದೊಂದೇ ಮಾತೂ ಅಲ್ಲ. ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಬಲಿಪೀಠದ ಬಳಿಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ರಾಜಿಯಾಗು ಎಂದು ಯೇಸು ಬೋಧಿಸಿದ್ದು ಸುವಾರ್ತೆಯಲ್ಲೇ ಇದೆ. ಸುಂಕದವನಾದ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆಂದ ಕತೆಯೂ ಅಲ್ಲಿದೆ.

ನ್ಯೂಟನ್‌ನ ಕತೆ ಹಾಡಿನೊಂದಿಗೆ ಮುಗಿಯಲಿಲ್ಲ. 1785ರಲ್ಲಿ ಯುವ ಸಂಸದ ವಿಲ್ಬರ್‌ಫೋರ್ಸ್ ಸಲಹೆ ಕೇಳಿ ಬಂದಾಗ, ರಾಜಕೀಯ ಬಿಡಬೇಡ, ಅಲ್ಲಿದ್ದೇ ದೇವರ ಸೇವೆ ಮಾಡು ಎಂದ. 1788ರಲ್ಲಿ, ಕಡಲು ಬಿಟ್ಟ 34 ವರ್ಷಗಳ ನಂತರ, ಗುಲಾಮರ ವ್ಯಾಪಾರದ ಕ್ರೌರ್ಯವನ್ನು ಬಿಚ್ಚಿಡುವ ಪುಸ್ತಿಕೆ ಪ್ರಕಟಿಸಿದ. ತಾನೇ ಅದರಲ್ಲಿ ಭಾಗಿಯಾಗಿದ್ದೆ, ಈ ನಿವೇದನೆ ಬಹಳ ತಡವಾಯಿತು ಎಂದು ಒಪ್ಪಿಕೊಂಡ. ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದ. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದಾಗ ಅವನು ಬದುಕಿದ್ದ. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ.

ಇಲ್ಲಿ ಭರವಸೆಯ ಇನ್ನೊಂದು ಮುಖ ಕಾಣುತ್ತದೆ. ಒಳ್ಳೆಯವನೆನಿಸಿಕೊಂಡರೆ ಮಾತ್ರ ಸ್ವರ್ಗ ಎಂದು ನಂಬಿದವನು ತನ್ನ ಅಪರಾಧವನ್ನು ಮುಚ್ಚಿಡಲು ನೋಡುತ್ತಾನೆ. ದೇವರು ಕೈಬಿಡುವುದಿಲ್ಲವೆಂಬ ಧೈರ್ಯವಿರುವವನು ಊರೆದುರು ನಿಂತು 'ನಾನು ಮಾಡಿದ್ದು ತಪ್ಪು' ಎನ್ನಬಲ್ಲ. ಅದೇ ಭರವಸೆ ನ್ಯೂಟನ್‌ನನ್ನು ದಶಕಗಳ ಕಾಲ ನೆಮ್ಮದಿಯಾಗಿ ಮಲಗಿಸಿಯೂ ಇತ್ತು, ಕೊನೆಗೆ ಬಾಯಿ ಬಿಡುವ ಧೈರ್ಯವನ್ನೂ ಕೊಟ್ಟಿರಬೇಕು ಎಂದು ನನಗೆ ತೋರುತ್ತದೆ. ಕರ್ಮವಿಲ್ಲದ ನಂಬಿಕೆ ಸತ್ತದ್ದು ಎಂಬ ಯಾಕೋಬನ ಪತ್ರ ಬೈಬಲಿನಲ್ಲಿ ಉಳಿದಿರುವುದೂ ಸುಮ್ಮನೆ ಅಲ್ಲ. ಲೂಥರ್ ಆ ಪತ್ರವನ್ನು ಹಗುರವಾಗಿ ಕಂಡಿದ್ದ. ಆದರೆ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಸಹಿ ಮಾಡಿದ ಜಂಟಿ ಘೋಷಣೆ, ಮನುಷ್ಯ ಸ್ವೀಕೃತನಾಗುವುದು ಕೃಪೆಯಿಂದ, ಸತ್ಕರ್ಮಗಳು ಅದರ ಫಲ ಎಂದು ಒಪ್ಪಿಕೊಂಡಿತು.

ಹಾಗೆಂದು ಕರ್ಮವನ್ನು ನಂಬುವವರಿಗೆ ಸುಳ್ಳು ನೆಮ್ಮದಿಯ ಅಪಾಯವಿಲ್ಲವೇ? ತಂಗಿಯ ಪಾಲನ್ನು ನುಂಗಿ ಹಜ್ ಮುಗಿಸಿ ಬಂದವರನ್ನು, ಆಳಿನ ಕೂಲಿ ಬಾಕಿ ಇಟ್ಟು ಮಸೀದಿಗೆ ಫ್ಯಾನು ಕೊಡಿಸಿದವರನ್ನು ನಾವು ನೋಡಿಲ್ಲವೇ? ಅವರದೂ ಒಂದು ಭರವಸೆಯೇ. ನಂಬಿಕೆಯಿಂದ ಬರಲಿ, ಕರ್ಮದಿಂದ ಬರಲಿ, ನೆಮ್ಮದಿಯನ್ನು ಪರೀಕ್ಷಿಸುವ ಬಗೆ ಒಂದೇ: ಆ ನೆಮ್ಮದಿ ನಮ್ಮನ್ನು ಹಕ್ಕು ಕಳೆದುಕೊಂಡವನ ಮನೆಬಾಗಿಲಿಗೆ ಕಳಿಸುತ್ತದೆಯೇ, ಇಲ್ಲವೇ? ದೇವರ ಕರುಣೆ ದೊಡ್ಡದು. ಆದರೆ ತಂಗಿಗೆ ಬರಬೇಕಾದ ಪಾಲನ್ನು ಕೊಡಬೇಕಾದವರು ನಾವೇ.